ಕರುಳು ತಿರುಗಿದ ದಾರಿ

ಹುಟ್ಟುವುದಕ್ಕೆ ತಿಂಗಳುಗಳ ಮೊದಲೇ ನಮ್ಮ ಕರುಳು ಒಂದು ಪ್ರಯಾಣ ಮುಗಿಸಿರುತ್ತದೆ. ಗರ್ಭದಲ್ಲಿ ಆರನೆಯ ವಾರದ ಹೊತ್ತಿಗೆ ಭ್ರೂಣದ ಪುಟ್ಟ ಹೊಟ್ಟೆಯಲ್ಲಿ ಹಿಡಿಸದಷ್ಟು ಬೆಳೆದು, ಹೊಕ್ಕುಳಬಳ್ಳಿಯೊಳಕ್ಕೆ ಚಾಚಿಕೊಳ್ಳುತ್ತದೆ. ಹತ್ತನೆಯ ವಾರದ ಸುಮಾರಿಗೆ ಮರಳಿ ಬರುತ್ತದೆ. ಹೋಗಿ ಬರುವಷ್ಟರಲ್ಲಿ ತನಗೆ ರಕ್ತವೂಡುವ ಧಮನಿಯನ್ನೇ ಅಚ್ಚು ಮಾಡಿಕೊಂಡು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು, ತಿರುಗಿರುತ್ತದೆ. ಆಮೇಲೆ ಕೆಲವು ಭಾಗ ಹೊಟ್ಟೆಯ ಹಿಂಗೋಡೆಗೆ ಅಂಟಿ ನಿಲ್ಲುತ್ತದೆ, ಉಳಿದದ್ದು ಸಡಿಲವಾಗಿಯೇ ಇರುತ್ತದೆ.

ಆ ಸಡಿಲದಲ್ಲೇ ನಮ್ಮ ಬದುಕಿದೆ. ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ಅದನ್ನು ಹಿಡಿದಿಟ್ಟಿರುವ ಮೆಸೆಂಟರಿ ಎಂಬ ತೆಳು ಪೊರೆಯ ಬುಡವೋ ಕೇವಲ 15 ಸೆಂಟಿಮೀಟರ್, ಒಂದು ಗೇಣೂ ಇಲ್ಲ. ಅಷ್ಟುದ್ದದ ಸೀರೆ ನೆರಿಗೆಯಾಗಿ ಸೊಂಟದ ಬಳಿ ಒಂದು ಹಿಡಿಗೆ ಸಿಕ್ಕುವಂತೆ, ಕರುಳೆಲ್ಲ ಈ ಗಿಡ್ಡ ಬುಡಕ್ಕೆ ಬಂದು ಸೇರುತ್ತದೆ. ರಕ್ತನಾಳಗಳು ಬರುವುದೂ ಇದರೊಳಗಿಂದಲೇ. ಬುಡ ಗಟ್ಟಿ, ಅಂಚು ಸ್ವತಂತ್ರ. ಹಾಗಿರುವುದರಿಂದ ಕರುಳು ಹಗಲಿರುಳು ಹೊರಳುತ್ತ ಅನ್ನವನ್ನು ಸಲೀಸಾಗಿ ಮುಂದೆ ತಳ್ಳಬಲ್ಲದು.

ಆದರೆ ಗರ್ಭದಲ್ಲಿನ ಆ ತಿರುಗಾಟ ಗುರುತು ಉಳಿಸಿ ಹೋಗಿರುತ್ತದೆ. ಪೊರೆಗಳು ಮಡಿಚಿ ಅಂಟಿಕೊಂಡ ಕಡೆ ಸಣ್ಣ ಸಣ್ಣ ಗೂಡು, ಕಂಡಿಗಳು. ಜಠರದ ಹಿಂದಿನ ಕೋಣೆಗೆ ದಾರಿಯಾಗುವ ಒಂದು ಕಂಡಿ ಎಲ್ಲರಲ್ಲೂ ಇದೆ. 18ನೆಯ ಶತಮಾನದಲ್ಲಿ ಪ್ಯಾರಿಸ್‌ನಲ್ಲಿದ್ದ ಅಂಗರಚನಾಶಾಸ್ತ್ರಜ್ಞ ವಿನ್‌ಸ್ಲೋ ಅದನ್ನು ವಿವರಿಸಿದ. ಇಂದಿಗೂ ಅವನ ಹೆಸರೇ ಅದಕ್ಕೆ. 1857ರಲ್ಲಿ ಪ್ರಾಗ್‌ನ ವೈದ್ಯ ಟ್ರೈಟ್ಸ್, ಇಂಥ ಗೂಡುಗಳಿಗೆ ಕರುಳು ನುಗ್ಗುವ ಬಗೆಯನ್ನು ಕುರಿತೇ ಒಂದು ಗ್ರಂಥ ಬರೆದ. ಹೀಗೆ ನುಗ್ಗಿ ಸಿಕ್ಕಿಕೊಳ್ಳುವುದೇ ಒಳ ಹರ್ನಿಯಾ. ಹೊರಗೆ ಗಂಟು ಕಾಣಿಸದು, ಕೈಗೂ ಸಿಗದು. ಕೆಲವರಿಗೆ ಊಟವಾದ ಮೇಲೆ ಹೊಟ್ಟೆ ಹಿಂಡಿ, ತಾನಾಗಿಯೇ ಬಿಡುತ್ತದೆ. ಒಳಹೊಕ್ಕ ಕರುಳು ಜಾರಿ ಈಚೆ ಬಂದಿದ್ದರೆ ಪರೀಕ್ಷೆಯಲ್ಲಿ ಏನೂ ತೋರದು. ಜಾರಿ ಬಾರದೆ ಬಿಗಿದುಕೊಂಡರೆ ಅನ್ನದ ದಾರಿ ಕಟ್ಟುತ್ತದೆ, ರಕ್ತದ ದಾರಿಯೂ ಕಟ್ಟಬಹುದು. ಹಾಗಾದರೆ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯತೊಡಗುತ್ತದೆ. ತಡೆಯಲಾರದ ನೋವು, ವಾಂತಿ, ಹೊಟ್ಟೆಯುಬ್ಬರ, ಗಾಳಿಯೂ ಹೋಗದ ಸ್ಥಿತಿ ಬಂದಾಗ ಮನೆಮದ್ದು ಮಾಡುತ್ತ ಕೂರಬಾರದು ಎನ್ನುವುದು ಇದಕ್ಕೇ. ಸಿ.ಟಿ. ಸ್ಕ್ಯಾನಿನಲ್ಲಿ ಕರುಳು ಒಂದೆಡೆ ಗುಂಪಾಗಿರುವುದನ್ನು ಕಂಡು ವೈದ್ಯರು ಗುರುತು ಹಿಡಿಯುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಬಿಡಿಸಿ, ಸಾಧ್ಯವಿದ್ದಲ್ಲಿ ಕಂಡಿಗೆ ಹೊಲಿಗೆ ಹಾಕುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೆ ನನ್ನನ್ನು ಕಾಡುವುದು ಬೇರೆಯದೇ ಪ್ರಶ್ನೆ. ಇಷ್ಟುದ್ದದ, ಒಂದು ಕ್ಷಣವೂ ಸುಮ್ಮನಿರದ ಕರುಳು, ತೆರೆದ ಕಂಡಿಯ ಪಕ್ಕದಲ್ಲೇ ಎಂಬತ್ತು ವರ್ಷ ಹೊರಳಾಡುತ್ತದೆ. ಆದರೂ ಮರಣೋತ್ತರ ಪರೀಕ್ಷೆಗಳಲ್ಲಿ ಒಳ ಹರ್ನಿಯಾ ಕಂಡದ್ದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಉಳಿದವರಲ್ಲಿ ಅದು ಸಿಕ್ಕಿಕೊಳ್ಳದೆ ಹೋದದ್ದು ಹೇಗೆ? ಕಂಡಿಯ ಅಳತೆ, ಪೊರೆಯ ಉದ್ದ, ಅಕ್ಕಪಕ್ಕದ ಅಂಗಗಳ ಒತ್ತು ಇವೆಲ್ಲ ಕೂಡಿ ಕಾಯುತ್ತವೆ ಎನ್ನಬಹುದು. ಕಾರಣ ಹೇಳಿದ ಮೇಲೂ ಅಚ್ಚರಿ ಕರಗುವುದಿಲ್ಲ, ಇನ್ನಷ್ಟು ಆಳಕ್ಕಿಳಿಯುತ್ತದೆ. ಚಲಿಸಲು ಬಿಟ್ಟ ಜಾಗದಲ್ಲೇ ಸಿಕ್ಕಿಕೊಳ್ಳುವ ಅಪಾಯವೂ ಇದೆ. ಅಪಾಯ ಬೇಡವೆಂದು ಎಲ್ಲವನ್ನೂ ಅಂಟಿಸಿಬಿಟ್ಟಿದ್ದರೆ ತುತ್ತು ಇಷ್ಟು ಸಲೀಸಾಗಿ ಮುಂದೆ ಸಾಗುತ್ತಿರಲಿಲ್ಲ.

ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರನ್ನು ವಾರ್ಡಿಗೆ ಬಂದ ವೈದ್ಯರು ಕೇಳುವ ಮೊದಲ ಮಾತುಗಳಲ್ಲಿ ಒಂದು, "ಗಾಳಿ ಹೋಯ್ತಾ?" ಹೌದೆಂದರೆ ಕರುಳು ಮತ್ತೆ ಹೊರಳತೊಡಗಿದೆ ಎಂದರ್ಥ, ಮನೆಮಂದಿಯ ಮುಖವೆಲ್ಲ ಅರಳುತ್ತದೆ. ಆ ಸಂತೋಷದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ದೇಹದ ವಿಷಯದಲ್ಲಿ ನಾವು ತೋರಬೇಕಾದ ಕೃತಜ್ಞತೆಯ ಸರಿಯಾದ ಅಳತೆಯೇ ಅದು. ಕಾಯಿಲೆಯಿಲ್ಲದ ದಿನಗಳಿಗೂ ಅದರಲ್ಲಿ ಪಾಲಿರಬೇಕು.