ಅರಿವೂ ಸೂತಕವೂ

ತಿಳಿಯದೆ ಸಂಭವಿಸಿದ ಕೇಡಿಗೆ ಮನುಷ್ಯನು ಹೊಣೆಯಲ್ಲವೆಂಬುದು ಲೋಕರೂಢಿಯ ಮಾತು. ಆದರೆ ತಿಳಿಯುವ ದಾರಿ ತೆರೆದಿದ್ದೂ ತಿಳಿಯಲೊಲ್ಲದವನ ಮಾತೇನು? ಬೀಟಾ ಥಲಸ್ಸೀಮಿಯವೆಂಬ ಆನುವಂಶಿಕ ರಕ್ತರೋಗವು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿದೆ.

ತಂದೆಯಿಂದಲೋ ತಾಯಿಯಿಂದಲೋ ಈ ದೋಷದ ಒಂದು ಪಾಲನ್ನಷ್ಟೇ ಪಡೆದವನು ವಾಹಕನು. ಅವನು ರೋಗಿಯಲ್ಲ; ಸಾಮಾನ್ಯವಾಗಿ ಆರೋಗ್ಯವಂತನಾಗಿಯೇ ಬಾಳುತ್ತಾನೆ. ವಾಹಕರಿಬ್ಬರು ಸತಿಪತಿಗಳಾದಾಗ ಮಾತ್ರ, ಪ್ರತಿಯೊಂದು ಗರ್ಭದಲ್ಲಿಯೂ ಶಿಶುವು ಎರಡೂ ಪಾಲು ದೋಷವನ್ನು ಪಡೆಯುವ ಸಂಭವ ನಾಲ್ಕರಲ್ಲೊಂದು. ತೀವ್ರರೋಗಕ್ಕೆ ತುತ್ತಾದ ಮಗುವಿಗೆ ಕೆಲವೇ ವಾರಗಳಿಗೊಮ್ಮೆ ಪರರ ರಕ್ತವೇ ಆಧಾರ. ಆ ರಕ್ತದಿಂದ ಮೈಯಲ್ಲಿ ಶೇಖರವಾಗುವ ಕಬ್ಬಿಣವನ್ನು ಹೊರಹಾಕಲು ಮತ್ತೆ ಔಷಧಿ.

ವಾಹಕತ್ವದ ಸುಳಿವು ಸಾಮಾನ್ಯ ರಕ್ತಪರೀಕ್ಷೆಯಲ್ಲಿಯೇ ದೊರೆಯುತ್ತದೆ. ಕೆಂಪುಕಣದ ಸರಾಸರಿ ಗಾತ್ರವು 80 ಫೆಮ್ಟೋಲೀಟರಿಗಿಂತ ಕಡಿಮೆಯಿದ್ದು, ಕಣಗಳ ಸಂಖ್ಯೆ ಮಾತ್ರ ಕುಂದದಿದ್ದರೆ ಸಂಶಯಕ್ಕೆ ಕಾರಣವುಂಟು. ಕಬ್ಬಿಣಾಂಶದ ಕೊರತೆಯಲ್ಲಿಯೂ ಕಣಗಳು ಕಿರಿದಾಗುವುದರಿಂದ ಅಷ್ಟರಿಂದಲೇ ನಿರ್ಣಯ ಸಲ್ಲದು. ಹಿಮೋಗ್ಲೋಬಿನ್ ಎ2 ಪ್ರಮಾಣವು ಶೇಕಡ 3.5ನ್ನು ಮೀರಿದೆಯೇ ಎಂದು ನೋಡಿ ವೈದ್ಯರು ದೃಢಪಡಿಸುತ್ತಾರೆ.

ಸೈಪ್ರಸ್ ದ್ವೀಪದಲ್ಲಿ ಸುಮಾರು ಏಳು ಮಂದಿಯಲ್ಲೊಬ್ಬರು ವಾಹಕರು. ಅಲ್ಲಿಯ ಕ್ರೈಸ್ತ ಧರ್ಮಪೀಠವು 1980ರ ದಶಕದ ಆರಂಭದಲ್ಲಿ, ವಧೂವರರು ಪರೀಕ್ಷೆ ಮಾಡಿಸಿಕೊಂಡು ತಿಳಿವಳಿಕೆ ಪಡೆದಿರುವರೆಂಬ ಪ್ರಮಾಣಪತ್ರವನ್ನು ವಿವಾಹಕ್ಕೆ ಮುನ್ನ ಕಡ್ಡಾಯಗೊಳಿಸಿತು. ಆದರೆ ವಿವಾಹವನ್ನು ನಿಷೇಧಿಸಲಿಲ್ಲ. ನಿರ್ಧಾರವನ್ನು ಅವರಿಗೇ ಬಿಟ್ಟಿತು. ಇದರಿಂದಲೂ ಗರ್ಭಾವಸ್ಥೆಯ ಪರೀಕ್ಷೆಯಿಂದಲೂ ತೀವ್ರರೋಗವುಳ್ಳ ಶಿಶುಗಳ ಜನನ ಅಲ್ಲಿ ಬಹುಮಟ್ಟಿಗೆ ನಿಂತಿತು. ಗರ್ಭದ ಅಳಿವುಉಳಿವಿನ ಕಠಿಣಪ್ರಶ್ನೆ ಏಳುವುದಕ್ಕೆ ಮುನ್ನವೇ ಅರಿತಿರುವುದು ಲೇಸು.

ಇದಕ್ಕೆ ವಿರುದ್ಧವಾದ ನಿದರ್ಶನ ಗ್ರೀಸಿನ ಆರ್ಕೊಮೆನೋಸ್ ಎಂಬ ಊರು. ಅಲ್ಲಿ ಸಿಕಲ್ ಸೆಲ್ ರೋಗದ ವಾಹಕರನ್ನು ಗುರುತಿಸಿದಾಗ ಅವರಿಗೆ ಕಳಂಕ ತಟ್ಟಿತು. ನಂಟಸ್ತಿಕೆ ಕುದುರಿಸುವಾಗ ಕೆಲವರು ಅದನ್ನು ಮುಚ್ಚಿಟ್ಟರು. ವಾಹಕರು ವಾಹಕರನ್ನೇ ವರಿಸುವುದು ತಪ್ಪಲಿಲ್ಲವೆಂದು 1970ರ ದಶಕದ ಅಧ್ಯಯನ ತಿಳಿಸಿತು. ಪರೀಕ್ಷೆ ಸೋಲಲಿಲ್ಲ, ಸಮಾಜ ಸೋತಿತು.

ನಮ್ಮ ಶರಣರು ಪಂಚಸೂತಕಗಳನ್ನು ನಿರಾಕರಿಸಿದವರು. ರಕ್ತದ ವರದಿಯನ್ನು ಹಿಡಿದು ನಾವು ಆರನೆಯ ಸೂತಕವನ್ನು ಹುಟ್ಟಿಸುವುದು ಅವರಿಗೆ ಬಗೆಯುವ ದ್ರೋಹ. ಆ ಸೂತಕದ ಭಾರ ಮೊದಲು ಬೀಳುವುದು ಕನ್ಯೆಯ ತಲೆಯ ಮೇಲೆ. ದೋಷವಾದರೋ ಗಂಡುಹೆಣ್ಣೆಂಬ ಭೇದವನ್ನರಿಯದು. ವಾಹಕರಲ್ಲದವರನ್ನು ವರಿಸಿದ ವಾಹಕರ ಮಕ್ಕಳಿಗೆ ಈ ತೀವ್ರರೋಗದ ಭಯವಿಲ್ಲ. ಸೋದರಸಂಬಂಧದಲ್ಲಿ ಕೊಟ್ಟು ತರುವ ಮನೆತನಗಳಿಗಂತೂ ಈ ಅರಿವು ಹೆಚ್ಚು ಅಗತ್ಯ.

ಸಾಮೂಹಿಕ ವಿವಾಹಗಳನ್ನು ನಡೆಸುವ ಮಠಗಳು ಪರೀಕ್ಷೆಗೆ ಪ್ರೇರಣೆ ನೀಡಲಿ. ಫಲಿತಾಂಶವು ಮಾತ್ರ ವಧೂವರರ ಸ್ವತ್ತಾಗಿ ಗೌಪ್ಯವಾಗಿರಲಿ. ಅರಿಯುವುದು ನಮ್ಮ ಕರ್ತವ್ಯ; ಅರಿತದ್ದರಿಂದ ಯಾರನ್ನೂ ಹೊರಗಿಡದಿರುವುದು ನಮ್ಮ ಧರ್ಮ.