ಹಂದಿಯೋ, ಹಸುವೋ, ಲೋಹವೋ

ಆಸ್ಪತ್ರೆಯ ಕಾಗದಗಳಲ್ಲಿ ಪ್ರಾಣಿಗಳ ಹೆಸರು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಹೃದಯದ ಕೆಟ್ಟ ಕವಾಟ ತೆಗೆದು ಹೊಸದು ಹಾಕುವಾಗ ಅದು ‘ಮೆಕ್ಯಾನಿಕಲ್’, ಇಲ್ಲವೇ ‘ಬಯೋಪ್ರಾಸ್ಥೆಟಿಕ್’. ಎರಡನೆಯದನ್ನು ಬಿಡಿಸಿ ಹೇಳಿದರೆ ಹಂದಿಯ ಹೃದಯದ ಕವಾಟ, ಅಥವಾ ದನದ ಹೃದಯವನ್ನು ಸುತ್ತಿರುವ ಪೊರೆಯಿಂದ ಹೊಲಿದದ್ದು. ಬಯೋಮೆಟೀರಿಯಲ್ ಎಂಬ ಸಭ್ಯ ಪದದೊಳಗೆ ಇದೆಲ್ಲ ಅಡಗಿದೆ. ರೋಗಿಗೆ ಇದನ್ನು ಹೇಳಲೇಬೇಕೆ?

ಪರಕೀಯ ಅಂಗಾಂಶವನ್ನು ದೇಹ ಸುಮ್ಮನೆ ಒಪ್ಪುವುದಿಲ್ಲ. 1960ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಅಲೇನ್ ಕಾರ್ಪೆಂಟಿಯೆ ಹಂದಿಯ ಕವಾಟವನ್ನು ಗ್ಲುಟರಾಲ್ಡಿಹೈಡ್‌ನಲ್ಲಿ ಹದ ಮಾಡಿದರು, ಹೆಚ್ಚುಕಡಿಮೆ ಚರ್ಮ ಹದ ಮಾಡಿದ ಹಾಗೆ. ಜೀವಕೋಶಗಳು ಸತ್ತು ಕೊಲಾಜನ್ ನಾರಿನ ಹಂದರ ಉಳಿಯುತ್ತದೆ. ದೇಹದ ತಕರಾರು ಬಹಳಷ್ಟು ಅಡಗುತ್ತದೆ. ಇಂಥ ಕವಾಟ ಸುಮಾರು 10ರಿಂದ 15 ವರ್ಷ ಬಾಳುತ್ತದೆ. ಇನ್ನೊಂದು ಬಗೆಯದು, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದಂಥದು: ಲೋಹದ ಚೌಕಟ್ಟು, ಪ್ಲಾಸ್ಟಿಕ್ ಬಿಲ್ಲೆ. ಹೆಚ್ಚು ಕಾಲ ಬರುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವವರೆಗೂ ಮಾತ್ರೆ, ಮೇಲಿಂದ ಮೇಲೆ ರಕ್ತಪರೀಕ್ಷೆ. ವಯಸ್ಸಾದವರಿಗೆ ವೈದ್ಯರು ಹೆಚ್ಚಾಗಿ ಪ್ರಾಣಿಯದನ್ನೇ ಸೂಚಿಸುತ್ತಾರೆ.

ಡೊಂಬಿವಲಿಯಲ್ಲಿರುವ ನಮ್ಮ ಸೋದರತ್ತೆಗೂ ಅದನ್ನೇ ಸೂಚಿಸಿದರು. ಒಪ್ಪಿಗೆ ಪತ್ರ ಇಂಗ್ಲಿಷ್ ಮತ್ತು ಮರಾಠಿಯಲ್ಲಿತ್ತು. ನಲವತ್ತು ವರ್ಷ ಇಲ್ಲಿದ್ದರೂ ಅತ್ತೆಯ ಮರಾಠಿ ತರಕಾರಿ ಮಾರುಕಟ್ಟೆಯಾಚೆ ಹೋಗಿಲ್ಲ. ಓದಿ ಹೇಳಬೇಕಾದವರು ನಾವು. ಅತ್ತೆಯ ಮಗ, “ಒಂಥರಾ ಪ್ಲಾಸ್ಟಿಕ್ ಅಂದ್ಬಿಡೋಣ. ದನದ್ದು ಅಂದ್ರೆ ಆಪರೇಷನ್ನೇ ಬೇಡ ಅಂತಾಳೆ” ಎಂದ. ತಾಯಿ ಸಾಯಬಹುದೆಂಬ ಅವನ ಭಯ ಸುಳ್ಳಲ್ಲ. ಆದರೂ ನಾನು ಒಪ್ಪಲಿಲ್ಲ. ಊರು ಬಿಟ್ಟು ಬಂದವರ ಮನೆಗಳಲ್ಲಿ ಹಿರಿಯರ ಸಹಿಗೆ ಅರ್ಥ ತುಂಬುವವರು ದುಭಾಷಿಗಳಾದ ಮಕ್ಕಳೇ. ನಾವು ಮಾತು ಬದಲಿಸಿದರೆ ಅವರು ಒಪ್ಪಿದ್ದು ಬೇರೆ, ಮೈಯೊಳಗೆ ಹೋದದ್ದು ಬೇರೆ.

ಹೇಳಿದೆವು. ಅತ್ತೆ ಕೇಳಿದ್ದು ಒಂದೇ: “ಇದಕ್ಕೇ ಅಂತ ಕೊಲ್ತಾರಾ?” ಇಲ್ಲ, ಮಾಂಸಕ್ಕೆಂದು ಕಡಿದ ದನದ್ದು ಎಂದರು ಡಾಕ್ಟರು. ಒಂದು ರಾತ್ರಿ ಯೋಚಿಸಿ ಲೋಹದ್ದೇ ಇರಲಿ ಎಂದರು ಅತ್ತೆ.

ಶಸ್ತ್ರಕ್ರಿಯೆಯ ಹೊತ್ತಿಗೆ ರಕ್ತ ಯಂತ್ರದೊಳಗೆ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಹುಪಾಲು ಹಂದಿಯ ಕರುಳಿನಿಂದ ಬರುತ್ತದೆ. (ಅದರ ಪರಿಣಾಮ ಇಳಿಸುವ ಪ್ರೊಟಮಿನ್ ಮೂಲತಃ ಸಾಲ್ಮನ್ ಮೀನಿನದು.) ಕವಾಟ ಯಾವುದಾದರೂ ಇದು ತಪ್ಪುವಂಥದ್ದಲ್ಲ. ಅದನ್ನೂ ಹೇಳಿದೆ. “ಬಂದು ಹರಿದು ಹೋಗೋದು ಬೇರೆ ಕಣೋ, ಎದೆಯೊಳಗೆ ಕೂತು ದಿನಾ ಬಡ್ಕೊಳ್ಳೋದು ಬೇರೆ” ಎಂದರು. ವಿಜ್ಞಾನ ಓದಿದವರಿಗೆ ಇದು ನಗು ತರಿಸಬಹುದು. ನನಗೆ ಸರಿಯಾದ ವಿವೇಚನೆಯೆಂದೇ ಕಾಣುತ್ತದೆ. ಶುದ್ಧಾಂಗ ಉಳಿಯುವುದಿಲ್ಲವೆಂದು ಗೊತ್ತಿದ್ದೂ ಎಲ್ಲೋ ಒಂದು ಗೆರೆ ಎಳೆದುಕೊಂಡರು. ಬೇರೆಯವರು ಆ ಗೆರೆಯನ್ನು ಇನ್ನೆಲ್ಲೋ ಎಳೆಯಬಹುದು. ಹಸುವಿನ ಪೊರೆ ಹಾಕಿಸಿಕೊಂಡು, ತಾಯಿ ಕೊಟ್ಟದ್ದು ಎನ್ನುವವರೂ ಇರಬಹುದು.

ಈ ಆಯ್ಕೆಗೆ ಬೆಲೆ ಇಲ್ಲದಿಲ್ಲ. ಪ್ರತಿ ತಿಂಗಳು ರಕ್ತಪರೀಕ್ಷೆಗೆ ರಜೆ ಹಾಕಿ ಕರೆದೊಯ್ಯುವವನು ಅವರ ಮಗ, ನಾನಲ್ಲ. ಅವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಸೊಪ್ಪಿನ ಹುಳಿ ಅಳತೆ ನೋಡಿ ತಿನ್ನಬೇಕಾಗಿ ಬಂದದ್ದಕ್ಕೆ ಅತ್ತೆ ಗೊಣಗುತ್ತಾರೆ, ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.