ಮುಗಿಯದ ನೋವಿಗೂ ಮರ್ಯಾದೆ ಬೇಕು

‘ಇನ್ನೂ ಸರಿಹೋಗಲಿಲ್ಲವಾ?’

ಮದುವೆ ಮನೆಯಲ್ಲಿ, ಮಯ್ಯಿತ್ತಿನ ಮನೆಯಲ್ಲಿ, ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಕೇಳಿಬರುವ ಪ್ರಶ್ನೆ ಇದು. ಕೇಳುವವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಗಂಡ ಕುಡಿತ ಬಿಟ್ಟನಾ, ಮಗಳ ಖಿನ್ನತೆ ವಾಸಿಯಾಯಿತಾ, ಮಗ ತೀರಿಕೊಂಡು ಇಷ್ಟು ವರ್ಷವಾದರೂ ಅಳುವುದಾ ಎಂದು ವಿಚಾರಿಸುತ್ತಾರೆ. ಉತ್ತರ ‘ಇಲ್ಲ’ ಎಂದಾದರೆ ಕೂಡಲೇ ಪರಿಹಾರವನ್ನೂ ಹೇಳುತ್ತಾರೆ. ಮಂಗಳೂರಿನ ಇಂಥ ಡಾಕ್ಟರು, ಇಂಥ ತಂಙಳರು ಮಂತ್ರಿಸಿ ಕೊಡುವ ನೂಲು, ಇಂಥ ದೈವಕ್ಕೊಂದು ಹರಕೆ. ಅದೂ ಫಲಿಸದಿದ್ದರೆ ತಪ್ಪೆಲ್ಲ ನೊಂದವರದ್ದೇ. ಅವರಿಗೆ ಮನಸ್ಸಿಲ್ಲ, ನಂಬಿಕೆ ಸಾಲದು.

ಹಾಗಾದರೆ, ಜೀವಮಾನವಿಡೀ ಮುಗಿಯದ ಹೋರಾಟವನ್ನು ಹೊತ್ತವರಿಗೆ ಉಳಿದವರು ಏನನ್ನು ಕೊಡಬೇಕು? ಇದನ್ನು ವೈದ್ಯರಿಗೆ ಬಿಟ್ಟ ಪ್ರಶ್ನೆ ಎಂದು ನಾವು ಭಾವಿಸಿದ್ದೇವೆ. ನಿಜವಾಗಿ ಇದು ನಮ್ಮೆಲ್ಲರ ನೈತಿಕ ಪ್ರಶ್ನೆ.

ಪರಿಹಾರದ ಆತುರ ನಮ್ಮ ಕಾಲದ ಶಿಕ್ಷಣದಲ್ಲೇ ಇದೆ. ಮೂಡಬಿದಿರೆಯ ವಸತಿ ಕಾಲೇಜುಗಳಿಗೆ ರಾಜ್ಯದ ಮೂಲೆಮೂಲೆಗಳಿಂದ ಮಕ್ಕಳು ಬರುತ್ತಾರೆ. ಅವರು ಬರೆಯುವ ಪ್ರವೇಶ ಪರೀಕ್ಷೆಗಳಲ್ಲಿ ಪ್ರಶ್ನೆಗೆ ನಾಲ್ಕು ಉತ್ತರ, ಅದರಲ್ಲಿ ಒಂದು ಸರಿ, ಅದನ್ನು ಗುರುತಿಸಲು ನಿಮಿಷದ ಲೆಕ್ಕ. ಪರೀಕ್ಷೆಗೆ ಇದು ಬೇಕಾಗಬಹುದು. ಆದರೆ ಬದುಕಿನ ನೋವನ್ನೂ ಇದೇ ಕ್ರಮದಲ್ಲಿ ನೋಡಲು ಕಲಿತ ಸಮಾಜ, ಉತ್ತರವಿಲ್ಲದ ಮನುಷ್ಯನ ಎದುರು ಕುಳಿತುಕೊಳ್ಳಲಾರದು.

ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಕೂಡ ಪರಿಹಾರದ ಭರವಸೆಯಿಂದಲೇ ಹೊರಟವರು. ಮರೆತಂತಿರುವ ನೋವು ಮಾತಾಗಿ ಹೊರಬಂದರೆ ರೋಗ ಇಳಿಯುತ್ತದೆ ಎಂಬುದು ಅವರ ಆರಂಭದ ನಂಬಿಕೆ. ಈ ಚಿಂತನೆ ಭಾರತಕ್ಕೆ ಬೇಗನೇ ಬಂತು. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅಗಲಿಕೆಯ ದುಃಖದ ಕುರಿತು 1917ರ ಒಂದು ಪ್ರಬಂಧದಲ್ಲಿ ಫ್ರಾಯ್ಡ್, ದುಃಖವೆಂಬುದು ಒಂದು ಕೆಲಸ, ಅದು ಒಂದು ದಿನ ಮುಗಿಯುತ್ತದೆ, ಮನಸ್ಸು ಮತ್ತೆ ಬಿಡುಗಡೆಗೊಳ್ಳುತ್ತದೆ ಎಂದು ವಾದಿಸಿದ್ದರು. ಮೂರು ವರ್ಷ ಕಳೆಯುವಷ್ಟರಲ್ಲಿ, 1920ರ ಜನವರಿಯಲ್ಲಿ, ಅವರ ಮಗಳು ಸೋಫಿ ಇನ್‌ಫ್ಲುಯೆಂಜಾಕ್ಕೆ ಬಲಿಯಾದಳು. 1929ರಲ್ಲಿ, ಅವಳು ಬದುಕಿದ್ದರೆ 36 ತುಂಬುತ್ತಿದ್ದ ದಿನ, ಮಗನನ್ನು ಕಳೆದುಕೊಂಡಿದ್ದ ಗೆಳೆಯನಿಗೆ ಅವರು ಕಾಗದ ಬರೆದರು. ಅದರಲ್ಲಿ ಹಳೆಯ ಆತ್ಮವಿಶ್ವಾಸವಿಲ್ಲ. ದುಃಖದ ತೀವ್ರತೆ ಇಳಿದೀತು, ಆದರೆ ಆ ಜಾಗವನ್ನು ಬೇರೇನೂ ತುಂಬದು, ಹಾಗೆ ತುಂಬದಿರುವುದೇ ಸರಿ ಎಂಬುದು ಅದರ ಸಾರ. 1937ರಲ್ಲಿ, ಹದಿನಾಲ್ಕು ವರ್ಷಗಳಿಂದ ದವಡೆಯ ಕ್ಯಾನ್ಸರಿನೊಂದಿಗೆ ಬದುಕುತ್ತಿದ್ದ 81ರ ವೃದ್ಧ, ತನ್ನ ಚಿಕಿತ್ಸೆಗೆ ನಿಜವಾಗಿ ಕೊನೆ ಎಂಬುದು ಇದೆಯೇ ಎಂದು ಕೇಳುತ್ತಾ ಒಂದು ಪ್ರಬಂಧವನ್ನೇ ಬರೆದರು.

ಈ ಬದಲಾವಣೆಯ ಅರ್ಥವನ್ನು ನಮ್ಮ ಊರಿನಲ್ಲೇ ಕಾಣಬಹುದು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಿಂದ ನಡೆಯುವ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ರಾಜ್ಯದಾದ್ಯಂತ ಪರಿಚಿತ. ಶಿಬಿರ ಕೆಲವೇ ದಿನಗಳದ್ದು. ಆದರೆ ಶಿಬಿರ ಮುಗಿಸಿದವರು ಆಮೇಲೂ ‘ನವಜೀವನ ಸಮಿತಿ’ಗಳಲ್ಲಿ ಸೇರುತ್ತಾರೆ. ಕುಡಿತ ಬಿಡುವುದು ಒಂದು ದಿನದ ಪ್ರತಿಜ್ಞೆಯಲ್ಲ, ಪ್ರತಿದಿನದ ಕೆಲಸ ಎಂಬ ಅನುಭವದ ಅರಿವು ಇದರ ಹಿಂದಿದೆ. ನೆನಪಿಗೆ ಬಾರದ್ದನ್ನು ಮನುಷ್ಯ ಕೃತಿಯಲ್ಲಿ ಮತ್ತೆ ಮತ್ತೆ ಮಾಡುತ್ತಾನೆ ಎಂದು ಫ್ರಾಯ್ಡ್ 1914ರಲ್ಲಿ ವಿವರಿಸಿದ್ದರು. ಎರಡನೇ ಸಲ ಗಡಂಗಿನತ್ತ ಹೋದವನನ್ನು ‘ನಾಯಿ ಬಾಲ’ ಎಂದು ಹಂಗಿಸುವುದು ಸುಲಭ. ಅವನು ಯಾವ ದಿನ ಹೋದ, ಅದಕ್ಕೆ ಮೊದಲು ಏನಾಗಿತ್ತು ಎಂದು ಕೇಳುವುದಕ್ಕೆ ತಾಳ್ಮೆ ಬೇಕು.

ಇನ್ನೂ ಕಠಿಣವಾದದ್ದು ಅದೇ ತಾಲೂಕಿನ ಕೊಕ್ಕಡ, ಪಟ್ರಮೆಗಳ ಕಥೆ. ಗೇರು ತೋಪುಗಳಿಗೆ ವರ್ಷಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ಅಲ್ಲಿನ ಮನೆಗಳಲ್ಲಿ ಉಳಿದುಬಿಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆಯಿತು. ಆದರೆ ನಡೆಯಲಾರದ, ಮಾತನಾಡಲಾರದ ಮಗುವಿಗೆ ಮೂವತ್ತು ವರ್ಷ ತುಂಬಿದ ಮೇಲೂ ತುತ್ತು ತಿನ್ನಿಸುವ ತಾಯಿಗೆ ಆ ದಿನಾಂಕದಿಂದ ಏನು ಮುಗಿಯಿತು? ಮಗ ಕಣ್ಣೆದುರೇ ಇದ್ದಾನೆ, ಆದರೆ ಬೆಳೆದು ಹೀಗಾಗುತ್ತಾನೆಂದು ಕನಸಿದ ಮಗ ಇಲ್ಲ. ಅತ್ತರೆ ‘ಇರುವವನಿಗಾಗಿ ಅಳುವುದಾ’ ಎನ್ನುತ್ತಾರೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ‘ನಾವು ಹೋದ ಮೇಲೆ ಇವನನ್ನು ನೋಡುವವರು ಯಾರು?’

ಇಲ್ಲಿ ಎಚ್ಚರ ಬೇಕು. ಈ ನೋವು ವಿಧಿಯಿಂದ ಮಾತ್ರ ಬಂದದ್ದಲ್ಲ. ಅದನ್ನು ತಾಯಿಯ ಮನಸ್ಸಿನ ಸಮಸ್ಯೆಯಾಗಿ ಕಂಡು ಸಮಾಧಾನ ಹೇಳಿ ಕಳಿಸಿದರೆ ಅನ್ಯಾಯ ಮಾಡಿದವರಿಗೆ ರಿಯಾಯಿತಿ ಕೊಟ್ಟಂತೆ. ಮಾಸಾಶನ, ಹಗಲು ಪಾಲನಾ ಕೇಂದ್ರ, ಹೆತ್ತವರ ನಂತರವೂ ಉಳಿಯುವ ಶಾಶ್ವತ ಆಸರೆ, ಇವು ಆಕೆಯ ಹಕ್ಕು. ಅದಷ್ಟೂ ಸಿಕ್ಕ ಮೇಲೂ ಉಳಿಯುವ ನೋವಿದೆ. ಅದಕ್ಕೆ ಬೇಕಾದದ್ದು ಕೇಳುವ ಕಿವಿ. ಒಂದನ್ನು ಕೊಟ್ಟು ಇನ್ನೊಂದನ್ನು ತಪ್ಪಿಸುವಂತಿಲ್ಲ.

‘ಸಬ್ರ್ ಮಾಡಿ’ ಎಂಬ ಮಾತು ನಮ್ಮಲ್ಲಿ ಬಹಳ ಸುಲಭವಾಗಿ ಬರುತ್ತದೆ. ಅಳಬೇಡಿ ಎಂಬ ಅರ್ಥದಲ್ಲಿ ಅದನ್ನು ಬಳಸುವವರು ಪ್ರವಾದಿ ಯಾಕೂಬ್(ಅ)ರ ವೃತ್ತಾಂತವನ್ನು ಮತ್ತೊಮ್ಮೆ ಓದಬೇಕು. ಸುಂದರ ಸಹನೆಯ ಮಾತನ್ನಾಡಿದ ಅದೇ ತಂದೆ ಯೂಸುಫ್(ಅ)ರಿಗಾಗಿ ಅತ್ತು ಅತ್ತು ಕಣ್ಣು ಬಿಳಿಚಿಕೊಂಡರೆಂದು ಕುರ್‌ಆನ್ ಹೇಳುತ್ತದೆ. ಯೂಸುಫರನ್ನು ನೆನೆಯುತ್ತಲೇ ನೀವು ನಾಶವಾಗುತ್ತೀರಿ ಎಂದು ಬೇಸರಿಸಿದವರು ಮಕ್ಕಳು. ಆ ದುಃಖಕ್ಕೆ ಕಾರಣರಾದವರೂ ಅವರೇ! ತಂದೆ ತನ್ನ ಅಳಲನ್ನು ಅಲ್ಲಾಹನಲ್ಲಿ ಹೇಳಿಕೊಂಡರು, ಆಸೆಯನ್ನೂ ಬಿಡಲಿಲ್ಲ. ಕಣ್ಣೀರಿಗೂ ಸಹನೆಗೂ ಅಲ್ಲಿ ವಿರೋಧವಿಲ್ಲ.

ಮನಸ್ಸನ್ನು ತಿದ್ದುವ ಕೆಲಸವನ್ನು ಫ್ರಾಯ್ಡ್ 1933ರಲ್ಲಿ, ಡಚ್ಚರು ಕಡಲನ್ನು ಬತ್ತಿಸಿ ನೆಲ ಮಾಡಿಕೊಳ್ಳುವ ಕೆಲಸಕ್ಕೆ ಹೋಲಿಸಿದ್ದರು. ನೇತ್ರಾವತಿಯ ದಡದ ಬಂಟ್ವಾಳದವರಿಗೆ ಬೇರೊಂದು ಪಾಠ ಗೊತ್ತಿದೆ. 1923ರ ಮತ್ತು 1974ರ ನೆರೆಗಳನ್ನು ಹಿರಿಯರು ಇಸವಿ ಸಮೇತ ಹೇಳುತ್ತಾ ಬಂದಿದ್ದಾರೆ. ನದಿಯನ್ನು ಬತ್ತಿಸಲು ಯಾರೂ ಹೊರಟಿಲ್ಲ. ಆಷಾಢದಲ್ಲಿ ನೀರಿನ ಮಟ್ಟ ನೋಡುತ್ತಾರೆ, ಸಾಮಾನು ಮೇಲೆ ಸಾಗಿಸುತ್ತಾರೆ, ದೋಣಿ ಯಾರ ಬಳಿ ಇದೆಯೆಂದು ತಿಳಿದಿಟ್ಟುಕೊಳ್ಳುತ್ತಾರೆ. ನೀರು ಇಳಿದ ಮೇಲೆ ಕೆಸರು ತೊಳೆಯಲು ನೆರೆಮನೆಯವರೂ ಬರುತ್ತಾರೆ. ಮತ್ತೆ ನೆರೆ ಬಂದರೆ ‘ಕಳೆದ ಸಲವೇ ತೊಳೆದಿದ್ದೆವಲ್ಲ’ ಎಂದು ಯಾರೂ ಮನೆಯವರನ್ನು ದೂರುವುದಿಲ್ಲ.

ಮುಗಿಯದ ಹೋರಾಟದಲ್ಲಿರುವವರಿಗೆ ನಾವು ಕೊಡಬೇಕಾದದ್ದು ಇಷ್ಟೇ ಮರ್ಯಾದೆ. ‘ಇನ್ನೂ ಸರಿಹೋಗಲಿಲ್ಲವಾ’ ಎಂದು ಕೇಳುವ ಬದಲು ‘ಈ ವಾರ ಹೇಗಿತ್ತು’ ಎಂದು ಕೇಳೋಣ. ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಕುಳಿತಿರೋಣ.